ಅಂಬಾಜಿದುರ್ಗದ ಕೆಳಗೆ ಪಿಕಪ್ ಪುರಾಣ

ಬೆಂಗಳೂರಿನಿಂದ ಹೊಸಕೋಟೆ, ನಂದಗುಡಿ, ಎಚ್. ಕ್ರಾಸ್ ದಾಟಿ ಚಿಂತಾಮಣಿಯತ್ತ ಹೊರಟವರಿಗೆ ಕೈವಾರ ಕ್ರಾಸ್ ಸಮೀಪಿಸುತ್ತಿದ್ದಂತೆ ಬೋಳು ಬಂಡೆಗಳ ಬೆಟ್ಟಸಾಲು ಕಾಣಿಸಿಕೊಳ್ಳುತ್ತದೆ. ಅವುಗಳಲ್ಲಿ ಹೆಸರುವಾಸಿಯಾದವು ಎರಡು: ರೆಹಮಾನ್‌ಗಡ ಮತ್ತು ಅಂಬಾಜಿದುರ್ಗ. ಹಳೆಯ ಗೆಜೆಟಿಯರಿನ ಲೆಕ್ಕದಂತೆ ಅಂಬಾಜಿದುರ್ಗದ ಎತ್ತರ ಸಮುದ್ರಮಟ್ಟದಿಂದ 4,399 ಅಡಿ. ಮೇಲೆ ಕೋಟೆಯ ಅವಶೇಷ. ಇದೇ ಬೆಟ್ಟಸಾಲಿನಲ್ಲಿ ಬಂಡೆ ಕೊರೆದು ಮಾಡಿದ ಕೈಲಾಸಗಿರಿಯ ಗುಹಾದೇವಾಲಯ. ಚಿಂತಾಮಣಿ ತಾಲ್ಲೂಕಿನ ಒಂದು ಹೋಬಳಿಗೇ ಈ ದುರ್ಗದ ಹೆಸರಿದೆ.

ನಾನು ಹೋದದ್ದು ಕೋಟೆ ನೋಡಲೆಂದು. ತಂದದ್ದು ಮಾತ್ರ ಬೇರೆಯದೇ ಸುದ್ದಿ.

ಬೆಟ್ಟ ಹತ್ತುವುದು ಕಷ್ಟವೇನಲ್ಲ, ಬಿಸಿಲೇರುವ ಮುನ್ನ ಹೊರಟರೆ. ಅರ್ಧ ದಾರಿಯಲ್ಲಿ ನಿಂತು ಹಿಂದಿರುಗಿ ನೋಡಿದಾಗ ಕೆಳಗಿನ ಬಯಲು ಕಂಬಳಿಯ ಚೌಕಗಳಂತೆ ಹರಡಿಕೊಂಡಿರುತ್ತದೆ. ಗೂಟಕ್ಕೆ ಕಟ್ಟಿದ ಟೊಮೆಟೊ ಸಾಲು, ಹಿಪ್ಪುನೇರಳೆ ತೋಟ, ಉದ್ದನೆಯ ಕೋಳಿ ಶೆಡ್ಡು, ನಡುನಡುವೆ ನೀಲಗಿರಿ. ನದಿಯಂತೂ ಕಾಣುವುದಿಲ್ಲ. ಇಲ್ಲಿಯ ನೀರು ಸಾವಿರ ಅಡಿ ಕೊರೆದ ಬೋರ್‌ವೆಲ್‌ನದು. ಬೆಟ್ಟ ಮೇಲಕ್ಕೆ ಎಷ್ಟಿದೆಯೆಂದು ಗೆಜೆಟಿಯರು ಹೇಳುತ್ತದೆ; ನೆಲ ಕೆಳಕ್ಕೆ ಎಷ್ಟಿದೆಯೆಂದು ರೈತನ ಸಾಲದ ಪುಸ್ತಕ ಹೇಳುತ್ತದೆ.

ಆ ಚೌಕಗಳ ನಡುವಿನ ಮಣ್ಣು ದಾರಿಗಳಲ್ಲಿ ಬಿಳಿಯ ಚುಕ್ಕೆಗಳು ಹರಿದಾಡುತ್ತಿದ್ದವು. ಎಣಿಸತೊಡಗಿದೆ, ಹನ್ನೆರಡರ ಹೊತ್ತಿಗೆ ಲೆಕ್ಕ ತಪ್ಪಿತು. ಎಲ್ಲವೂ ಪಿಕಪ್ ಗಾಡಿಗಳು. ಈ ಸೀಮೆಯ ಬೆಳೆ ಕಾಯುವ ಜಾತಿಯದಲ್ಲ. ಹಣ್ಣಾದ ಟೊಮೆಟೊ ಬೆಳಗಿನ ಹರಾಜಿಗೆ ಮಂಡಿಯಲ್ಲಿರಬೇಕು. ರೇಷ್ಮೆ ಗೂಡು ಚಂದ್ರಿಕೆಯಿಂದ ಬಿಡಿಸಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆ ಸೇರಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಹಾಳು. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ಒಂದು ಗಾಡಿಯ ಲೋಡು ಗಾಡಿಯ ಬೆಲೆಗೇ ಸವಾಲು ಹಾಕುವಂತಿತ್ತು. ಅದೇ ಹಣ್ಣನ್ನು ಬೆಲೆ ಬಿದ್ದ ದಿನ ರಸ್ತೆಗೆ ಸುರಿದದ್ದನ್ನೂ ಈ ಜನ ಕಂಡಿದ್ದಾರೆ.

ಹೊರೆಗಾಡಿಯ ಕಥೆ ಈ ಊರುಗಳಿಗೆ ಹೊಸದಲ್ಲ. ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಇಲ್ಲಿಯವರ ನಂಬಿಕೆ. ದಿನಕ್ಕೊಂದು ಬಂಡಿ ಅನ್ನ ಬಕಾಸುರನಿಗೆ ಹೋಗಬೇಕಿತ್ತು. ಒಂದು ದಿನ ಭೀಮನೇ ಬಂಡಿ ಹೊಡೆದುಕೊಂಡು ಬೆಟ್ಟಕ್ಕೆ ಹೋದ. ಆಮೇಲಿನದು ಎಲ್ಲರಿಗೂ ಗೊತ್ತು. ಇನ್ನು ಕೈವಾರ ತಾತಯ್ಯನೆಂದು ಜನ ಕರೆಯುವ ಯೋಗಿ ನಾರೇಯಣರು ಮೊದಲು ಬಳೆಯ ಮಲಾರ ಹೊತ್ತು ಊರೂರು ಸುತ್ತಿದವರು. ಹೊತ್ತು ಮಾರುವುದು ಈ ಮಣ್ಣಿನ ಹಳೆಯ ಕಸುಬು.

ಬೆಟ್ಟ ಇಳಿದು ಟೀ ಅಂಗಡಿಗೆ ಬಂದಾಗ ಅಲ್ಲೊಂದು ಮುದಿ ಪಿಕಪ್ ಬಾನೆಟ್ ಎತ್ತಿಕೊಂಡು ನಿಂತಿತ್ತು. ಹಬೆ ಏಳುತ್ತಿತ್ತು. ನಂಬರು ಕೆಎ-07, ಅಂದರೆ ಕೋಲಾರದ್ದು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮುಂಚಿನ ಗಾಡಿ ಎಂದು ಅದರಿಂದಲೇ ಊಹಿಸಿದೆ. ಈಗ ಇಲ್ಲಿಯ ಹೊಸ ಗಾಡಿಗಳಿಗೆ ಚಿಂತಾಮಣಿಯದೇ ನಂಬರು ಬರುತ್ತದೆ. ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ರೇಡಿಯೇಟರಿಗೆ ಚೊಂಬಿನಿಂದ ನೀರು ಹಾಕುತ್ತಿದ್ದ. ಅವನ ತಂದೆ ಬೆಂಚಿನ ಮೇಲೆ ಕೂತು ಟೀ ಹೀರುತ್ತಿದ್ದರು. ಹಿಂದೆ ಖಾಲಿ ಟೊಮೆಟೊ ಬಾಕ್ಸುಗಳು.

“ಗಾಡೀದಲ್ಲ ಸಾರ್ ತಪ್ಪು, ನಂದೇ. ಹೋಸ್ ಪೈಪು ಬದಲಾಯಿಸಬೇಕು ಅಂತ ಆರು ತಿಂಗಳಿಂದ ಅಂದ್ಕೊಳ್ತಾನೇ ಇದೀನಿ,” ಎಂದರು. ನಾನು ಪತ್ರಿಕೆಗೆ ಬರೆಯುವವನೆಂದು ತಿಳಿಯುತ್ತಲೇ ಪಂಚಾಯಿತಿಗೆ ಕೂರಿಸಿಬಿಟ್ಟರು. “ಓದಿದೋರು ನೀವೇ ಹೇಳಿ. ಹೊಸ ಗಾಡಿ ತಗೋಬೇಕು. ನಾನು ನಮ್ಮ ದೇಶದ ಗಾಡಿ ಅಂತೀನಿ, ಇವನು ಜಪಾನಿಂದು ಅಂತಾನೆ.”

ಹುಡುಗ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಚೊಂಬು ಕೆಳಗಿಟ್ಟು ಬಂದ. “ಜಪಾನಿಂದು ಅಂತ ನಾನೆಲ್ಲಿ ಅಂದೆ ಅಪ್ಪ? ಇಸುಜು ಫ್ಯಾಕ್ಟರಿ ಇರೋದು ಆಂಧ್ರದ ಶ್ರೀಸಿಟೀಲಿ, 2016ರಿಂದ. ಮಹೀಂದ್ರ ಆಫೀಸು ಮುಂಬೈ. ನಮ್ಮೂರಿಗೆ ಯಾವುದು ಹತ್ತಿರ?”

“ಹತ್ತಿರ ಅಂದ್ರೆ ಕಿಲೋಮೀಟರು ಅಲ್ಲ ಕಣಪ್ಪ. ರಾತ್ರಿ ಹನ್ನೊಂದು ಗಂಟೇಲಿ ಬಾಗಿಲು ತಟ್ಟಿದ್ರೆ ಏಳೋ ಮೆಕ್ಯಾನಿಕ್ ಎಷ್ಟು ಹತ್ತಿರ ಅನ್ನೋದು.”

ಇಬ್ಬರ ಮಾತಿನಲ್ಲೂ ಹುರುಳಿತ್ತು. ಸುಲಭವಾಗಿ ತೀರ್ಪು ಕೊಡುವಂತಿರಲಿಲ್ಲ. ನಾವು ‘ನಮ್ಮದು’ ಎನ್ನುವ ಗಾಡಿಗಳ ಜಾತಕ ಬಿಡಿಸಿ ನೋಡಿ. ಮಹೀಂದ್ರ ಕಂಪನಿ 1947ರ ಸುಮಾರಿಗೆ ಮೋಟಾರಿಗೆ ಇಳಿದದ್ದೇ ಅಮೆರಿಕದ ವಿಲ್ಲೀಸ್ ಜೀಪಿನ ಬಿಡಿಭಾಗ ತಂದು ಜೋಡಿಸುವ ಮೂಲಕ. ಟಾಟಾ ಲಾರಿ 1954ರಿಂದ 1969ರವರೆಗೆ ಜರ್ಮನಿಯ ಬೆಂಜ್ ಕಂಪನಿಯ ಜೊತೆಯಲ್ಲಿ ಬೆಳೆಯಿತು; ‘ಬೆಂಜ್ ಲಾರಿ’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಅಶೋಕ್ ಲೇಲ್ಯಾಂಡಿನ ಹೆಸರಿನಲ್ಲೇ ಇಂಗ್ಲೆಂಡಿದೆ. ಇಲ್ಲಿಯ ದಾರಿಗಳಲ್ಲಿ ಓಡಾಡುವ ಅದರ ‘ದೋಸ್ತ್’ 2011ರಲ್ಲಿ ಬಂದದ್ದು ಜಪಾನಿನ ನಿಸ್ಸಾನ್ ಜೊತೆಗಿನ ಪಾಲುದಾರಿಕೆಯಲ್ಲಿ. 2016ರಲ್ಲಿ ನಿಸ್ಸಾನ್ ಪಾಲು ಬಿಟ್ಟುಕೊಟ್ಟಿತು, ದೋಸ್ತ್ ಉಳಿಯಿತು.

ನಮ್ಮ ಕನ್ನಡವನ್ನೇ ಕೇಳಿ ನೋಡಿ. ಯಾವ ಸಣ್ಣ ಸರಕು ಗಾಡಿ ಕಂಡರೂ ನಾವು ‘ಟೆಂಪೊ’ ಎನ್ನುತ್ತೇವೆ. ಅದು ಜರ್ಮನಿಯ ಕಂಪನಿಯೊಂದರ ಹೆಸರು. ಅವರ ಮೂರು ಚಕ್ರದ ಗಾಡಿಯನ್ನು ಬಜಾಜ್ ಟೆಂಪೊ ಇಲ್ಲಿ ತಯಾರಿಸಿತು. ಆ ಕಂಪನಿಯ ಹೆಸರೂ ಈಗ ಫೋರ್ಸ್ ಮೋಟಾರ್ಸ್ ಎಂದಾಗಿದೆ. ಕ್ಯಾಂಟರ್ ಎಂಬ ಪದ ದಿನಬೆಳಗಾದರೆ ಪತ್ರಿಕೆಯ ಅಪಘಾತದ ಸುದ್ದಿಯಲ್ಲಿ ಬರುತ್ತದೆ. ಅದು ಜಪಾನಿನ ಮಿತ್ಸುಬಿಷಿಯ ಗಾಡಿಯ ಹೆಸರು. ಐಷರ್ ಕಂಪನಿ ಅದನ್ನು ಇಲ್ಲಿಗೆ ತಂದಿತು. ಗಾಡಿ ತಂದವರು ಮರಳಿದ ಮೇಲೂ ಹೆಸರು ನಮ್ಮಲ್ಲೇ ಬೇರೂರಿತು.

ಈ ಕ್ಯಾಂಟರಿನ ಕಾಲದ ಕಥೆಯನ್ನು ಹುಡುಗನಿಗೆ ಹೇಳಿದೆ, ಪಠ್ಯದಲ್ಲಿ ಇಲ್ಲವಂತೆ. 1980ರ ದಶಕದ ಮೊದಲ ಅರ್ಧದಲ್ಲಿ ಸರ್ಕಾರ ನಾಲ್ಕು ಜಪಾನಿ ಕಂಪನಿಗಳಿಗೆ ಭಾರತೀಯ ಪಾಲುದಾರರೊಡನೆ ಸಣ್ಣ ಲಾರಿ ಮಾಡಲು ಅನುಮತಿ ಕೊಟ್ಟಿತು. ಡಿಸಿಎಂ ಟೊಯೊಟ, ಐಷರ್ ಮಿತ್ಸುಬಿಷಿ, ಸ್ವರಾಜ್ ಮಾಜ್ದಾ, ಆಲ್ವಿನ್ ನಿಸ್ಸಾನ್. ಟಾಟಾದ ಟೆಲ್ಕೊ ಕಂಪನಿ ಇನ್ನು ಈ ಪೇಟೆ ಮರೆಯಬೇಕು ಎಂದುಕೊಂಡವರು ಬಹಳ. ಆಗ ಅದರ ಮುಖ್ಯಸ್ಥರಾಗಿದ್ದವರು ಸುಮಂತ್ ಮೂಲ್‌ಗಾಂವ್ಕರ್. (ಮುಂದೆ ಬಂದ ಟಾಟಾ ಸುಮೊದ ಹೆಸರು ಅವರ ಹೆಸರಿನ ಮೊದಲಕ್ಷರಗಳಿಂದಲೇ ಆದದ್ದು, ಜಪಾನಿನ ಕುಸ್ತಿಪಟುವಿಗೂ ಅದಕ್ಕೂ ಸಂಬಂಧವಿಲ್ಲ.) ಅವರ ಎಂಜಿನಿಯರುಗಳು ಹೊರಗಿನ ಪಾಲುದಾರರಿಲ್ಲದೆ 407 ಎಂಬ ಸಣ್ಣ ಲಾರಿ ರೂಪಿಸಿ 1986ರಲ್ಲಿ ಬೀದಿಗಿಳಿಸಿದರು. ನಮ್ಮ ಹಳ್ಳದಿಣ್ಣೆಯ ರಸ್ತೆಗೆ, ನಾವು ಹೇರುವ ಹೊರೆಗೆ ಅದು ಒಗ್ಗಿತು, ಬೆಲೆಯೂ ಒಗ್ಗಿತು. ಜಪಾನಿ ನಾಲ್ವರಲ್ಲಿ ಯಾರಿಗೂ ಆ ಪೇಟೆಯನ್ನು ಕೈವಶ ಮಾಡಿಕೊಳ್ಳಲಾಗಲಿಲ್ಲ. 2005ರಲ್ಲಿ ಬಂದು ‘ಚೋಟಾ ಹಾಥಿ’ ಎನಿಸಿಕೊಂಡ ಟಾಟಾ ಏಸ್ ಅದೇ ಹಾದಿಯಲ್ಲಿ ನಡೆಯಿತು: ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್ನು, ಮುಕ್ಕಾಲು ಟನ್ ಹೊರೆ, ಹಳ್ಳಿಯ ಓಣಿಯಲ್ಲೂ ತಿರುಗುವ ಮೈ.

“ನೋಡಿದ್ಯಾ?” ಎಂದರು ತಂದೆ, ಗೆದ್ದವರಂತೆ.

ಪೂರ್ತಿ ಗೆಲ್ಲಲು ನಾನು ಬಿಡಲಿಲ್ಲ. ಇದೇ ಜಿಲ್ಲೆಯ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆ ಸುತ್ತಿ ಬಂದು ಭಾರತದಲ್ಲೊಂದು ಮೋಟಾರು ಕಾರ್ಖಾನೆಯ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆ ಕೊಡಲಿಲ್ಲ. ಕಡೆಗೆ ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದಿಂದ. ಸ್ವದೇಶಿಯ ಹಂಬಲವಿದ್ದ ಆ ಹಿರಿಯರೂ ಹೊರಗಿನವರಿಂದ ಕಲಿಯುವುದನ್ನು ಅವಮಾನವೆಂದು ಬಗೆಯಲಿಲ್ಲ. ಹೊರಗಿನದೆಂದು ನಾವು ದೂರವಿಡುವ ಟೊಯೊಟದ ಬಿಡದಿ ಕಾರ್ಖಾನೆಯ ಆವರಣದಲ್ಲೇ 2007ರಿಂದ ಒಂದು ತರಬೇತಿ ಶಾಲೆ ನಡೆಯುತ್ತಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಹಳ್ಳಿಗಾಡಿನ ಬಡ ಮಕ್ಕಳಿಗೆಂದೇ ತೆರೆದದ್ದು.

ಈ ಜಗಳ ನಮ್ಮಲ್ಲಷ್ಟೇ ಇದೆಯೆಂದು ತಿಳಿಯಬೇಡಿ. ಪಿಕಪ್ ಎಂದರೆ ಪ್ರಾಣ ಬಿಡುವ ಅಮೆರಿಕದಲ್ಲಿ ಫೋರ್ಡ್ ಮನೆತನ, ಷೆವ್ರೊಲೆ ಮನೆತನ ಎಂದು ತಲೆಮಾರುಗಟ್ಟಲೆ ನಿಷ್ಠೆ ನಡೆದು ಬಂದಿದೆ. ಆ ನಿಷ್ಠೆಗೆ ಕಾವಲಾಗಿ ಕೂತಿರುವುದು ಕೋಳಿ! 1960ರ ದಶಕದ ಆರಂಭದಲ್ಲಿ ಯೂರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಅದಕ್ಕೆ ಸೇಡಾಗಿ ಅಮೆರಿಕ ಹೊರಗಿನಿಂದ ಬರುವ ಸಣ್ಣ ಟ್ರಕ್ಕುಗಳ ಮೇಲೆ 25 ಪ್ರತಿಶತ ಸುಂಕ ಹಾಕಿತು, 1964ರಿಂದ. ಕೋಳಿ ಜಗಳ ಮರೆತುಹೋದರೂ ‘ಚಿಕನ್ ಟ್ಯಾಕ್ಸ್’ ಎಂಬ ಆ ಸುಂಕ ದಶಕಗಳ ಕಾಲ ಅಳಿಯಲಿಲ್ಲ. ಜಪಾನಿನವರು ಉಪಾಯ ಕಂಡುಕೊಂಡರು. ಟೊಯೊಟ ತನ್ನ ದೊಡ್ಡ ಪಿಕಪ್ಪನ್ನು ಟೆಕ್ಸಾಸಿನಲ್ಲೇ ತಯಾರಿಸತೊಡಗಿತು. ಅತ್ತ ಅಮೆರಿಕದ್ದೇ ಆದ ಜನರಲ್ ಮೋಟಾರ್ಸ್ ತನ್ನ ಕೆಲವು ಪಿಕಪ್ಪುಗಳನ್ನು ಮೆಕ್ಸಿಕೊದಲ್ಲಿ ಮಾಡಿಸುತ್ತದೆ. ಪಕ್ಕದ ಕೋಳಿ ಶೆಡ್ಡಿನತ್ತ ಬೊಟ್ಟು ಮಾಡಿ ಇದನ್ನು ಹೇಳಿದಾಗ ಟೀ ಅಂಗಡಿಯಾತನೂ ನಕ್ಕ.

ನಗು ನಿಂತ ಮೇಲೆ ಹುಡುಗ ನೀರು ತರಲು ನಲ್ಲಿಯತ್ತ ಹೋದ. ಆಗ ತಂದೆ ದನಿ ತಗ್ಗಿಸಿದರು.

“ಗಾಡಿ ಯಾವುದಾದ್ರೂ ಆಗ್ಲಿ ಸಾರ್. ನನ್ನ ಭಯ ಬೇರೆ. ನಾನು ಪಿಯುಸೀಲಿದ್ದಾಗ ನಮ್ಮಪ್ಪ ಮೂರು ಚಕ್ರದ ಟೆಂಪೊ ತಂದ್ರು. ಡ್ರೈವರ್ ಸಿಗೋವರೆಗೂ ಒಂದು ವಾರ ನೀನೇ ಓಡಿಸು ಅಂದ್ರು. ಆ ವಾರ ಇನ್ನೂ ಮುಗಿದಿಲ್ಲ.”

ಹೊಸ ಪಿಕಪ್ಪಿಗೆ ಹತ್ತು ಲಕ್ಷದ ಆಸುಪಾಸು ಬೇಕು. ಐದು ವರ್ಷದ ಕಂತು. ಜಮೀನಿನ ಪತ್ರ ಬ್ಯಾಂಕಿನಲ್ಲಿ. ತಿಂಗಳ ಕಂತು ಕಟ್ಟಬೇಕಾದರೆ ಸ್ವಂತ ಬೆಳೆಯ ಜೊತೆ ಅಕ್ಕಪಕ್ಕದವರ ಲೋಡೂ ಹೊಡೆಯಬೇಕು. ಡ್ರೈವರಿಗೆ ಸಂಬಳ ಕೊಟ್ಟರೆ ಲೆಕ್ಕ ಕೂಡುವುದಿಲ್ಲ. ಮನೆಯಲ್ಲಿ ಲೈಸೆನ್ಸು ಇರುವ ಇನ್ನೊಬ್ಬ ಎಂದರೆ ಇವನೇ. ಜಪಾನು, ಜರ್ಮನಿ, ಮುಂಬೈಗಳ ನಡುವೆ ನಾವು ಅರ್ಧ ಗಂಟೆ ನಡೆಸಿದ ಚರ್ಚೆಯಲ್ಲಿ ಈ ಮಾತು ಒಮ್ಮೆಯೂ ಮೇಲೆ ಬಂದಿರಲಿಲ್ಲ. ಮಗನಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆ. ಅವರು ಟೀ ಲೋಟವನ್ನು ಅಲುಗಾಡಿಸಿ ತಳದ ಗಸಿಯನ್ನು ಚೆಲ್ಲಿದರು.

ನನಗನ್ನಿಸಿದ್ದನ್ನು ನಾನೂ ಹೇಳಿದೆ. ರಾತ್ರಿ ಹನ್ನೊಂದಕ್ಕೆ ಏಳುವ ಮೆಕ್ಯಾನಿಕ್ಕಿಗಾಗಿ ನೀವು ಹುಡುಕುತ್ತಿದ್ದೀರಿ. ಯಾವ ದೇಶದ ಎಂಜಿನ್ನನ್ನಾದರೂ ಬಿಚ್ಚಿ ಕಟ್ಟಬಲ್ಲವನೊಬ್ಬ ನಿಮ್ಮ ಮನೆಯಲ್ಲೇ ತಯಾರಾಗುತ್ತಿದ್ದಾನೆ, ಡಿಪ್ಲೊಮಾ ಮುಗಿಸಲು ಬಿಟ್ಟರೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಕಂತು ಕಟ್ಟುವವರು ಅವರು; ಉಪದೇಶಕ್ಕೆ ನನಗೇನು ಖರ್ಚು?

ಗಾಡಿ ತಣ್ಣಗಾಗಿತ್ತು. “ಬನ್ನಿ ಸಾರ್, ಚಿಂತಾಮಣಿವರೆಗೂ ಬಿಡ್ತೀವಿ” ಎಂದರು. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಕನ್ನಡಿಯಲ್ಲಿ ಅಂಬಾಜಿದುರ್ಗ ಹಿಂದಕ್ಕೆ ಸರಿಯುತ್ತಿತ್ತು. ಎದುರಿನಿಂದ ಟೊಮೆಟೊ ಹೇರಿಕೊಂಡ ಪಿಕಪ್ಪೊಂದು ಹಾರನ್ ಹಾಕಿ ಹಾದುಹೋಯಿತು. ಅಪ್ಪ ಮಗ ಇಬ್ಬರೂ ಒಟ್ಟಿಗೇ ತಿರುಗಿ ಅದನ್ನು ನೋಡಿದರು.

ಸ್ವಲ್ಪ ದೂರ ಹೋದ ಮೇಲೆ ತಂದೆ, ರಸ್ತೆಯಿಂದ ಕಣ್ಣು ತೆಗೆಯದೆ, “ನಿನ್ನ ಕೊನೇ ಪರೀಕ್ಷೆ ಯಾವಾಗ?” ಎಂದರು.

“ಮುಂದಿನ ವರ್ಷ ಅಪ್ಪ.”

“ಅಲ್ಲೀವರೆಗೂ ಇದೇ ಓಡಲಿ.”

ಹುಡುಗ ಏನೂ ಹೇಳಲಿಲ್ಲ. ತಲೆ ಓರೆ ಮಾಡಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ.

“ಫ್ಯಾನ್ ಬೆಲ್ಟೂ ಸಡಿಲ ಇದೆ,” ಎಂದ.