ಟಕ ಟಕ ಸದ್ದು

ಕುಕ್ಕರಿನ ಸಿಳ್ಳು ಎಣಿಸುವ ನಮಗೆ ಕಾರಿನ ಗೊಡವೆ ಏಕೆ ಅಂತೀರಾ? ಕೇಳಿ. ನಮ್ಮದು ಹಳೆಯ ಮಾರುತಿ 800. ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಲಿಗೆ ಯಂತ್ರ ತುಳಿದ ಹಾಗೆ ಟಕ ಟಕ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಚುರುಕು. “ನಿನಗೆಲ್ಲೋ ಭ್ರಮೆ” ಅಂದರು ನಮ್ಮವರು. ಮರುದಿನ ತುಂಬು ಬಸುರಿ ಮಗಳನ್ನು ಅದರಲ್ಲೇ ಕರೆತರಬೇಕು! ನನ್ನ ಮನಸ್ಸು ಒಪ್ಪಲಿಲ್ಲ.

ಹಟ ಹಿಡಿದು ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಮೊದಲು ಎಳೆದದ್ದು ಆಯಿಲ್ ಕಡ್ಡಿ. ತುದಿ ಮಾತ್ರ ಒದ್ದೆ! ಎಣ್ಣೆ ಕಡಿಮೆಯಾದರೆ ಮೇಲಿನ ವಾಲ್ವ್‌ಗಳಿಗೆ ಸರಿಯಾಗಿ ತಲುಪದೆ ಹೀಗೆ ಸದ್ದಾಗುತ್ತದಂತೆ. ಹಾಗೇ ಓಡಿಸಿದ್ದರೆ ಇಂಜಿನ್ ಜಾಮ್ ಆಗಬಹುದಿತ್ತು. ಎಣ್ಣೆ ತುಂಬಿಸಿದ ಮೇಲೂ ಉಳಿದ ಸಣ್ಣ ಸದ್ದಿಗೆ, ಇಂಜಿನ್ ತಣ್ಣಗಾಗಲು ಬಿಟ್ಟು, ಟ್ಯಾಪೆಟ್ ಸಂದು ಅಳೆದು ಸರಿಪಡಿಸಿದ. “ಬುಡದಿಂದ ದಡ ದಡ ಕೇಳಿದರೆ ಮಾತ್ರ ಓಡಿಸಲೇಬೇಡಿ ಅಮ್ಮಾ” ಎಂದ.

ಈಗ ಆ ಕಡ್ಡಿ ನೋಡುವ ಕೆಲಸ ನನ್ನದೇ. ನೀವೂ ಕಲಿಯಿರಿ. ಸಮತಟ್ಟು ನೆಲದಲ್ಲಿ ಇಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು.

ಅಂದು ರಾತ್ರಿ ನಮ್ಮವರು ಮೆಲ್ಲಗೆ ಹೇಳಿದರು, ಆ ಸದ್ದು ಅವರಿಗೆ ಕೇಳಿಸಿಯೇ ಇರಲಿಲ್ಲವಂತೆ. ಬೈಯಲು ಬಾಯಿ ಬರಲಿಲ್ಲ. ಮಗಳು ಸುಖವಾಗಿ ಬಂದಿಳಿದ ಮೇಲೆ ಇವರನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ.