ಜಾರುವ ಹಾಳೆ

ತುಂಗಭದ್ರೆಯ ಎಡದಂಡೆ ಕಾಲುವೆ ಹೊರಡುವುದೇ ನಮ್ಮ ಮುನಿರಾಬಾದಿನಿಂದ. ‘ಕಾಲುವಿ ಕಡೆ ಹೋದ್ರ ಕಾಲ್ ಮುರೀತೀನಿ ನೋಡು’ ಅಂತ ಇಲ್ಲಿನ ಎಲ್ಲ ತಾಯಂದಿರಂತೆ ನಾನೂ ಬೈಯುತ್ತಲೇ ಮಗನನ್ನು ಬೆಳೆಸಿದೆ. ಅವನು ಮುಳುಗಿದ್ದು ಮಾತ್ರ ಮಳೆಯನ್ನೇ ನಂಬಿದ ಕುಷ್ಟಗಿ ಸೀಮೆಯಲ್ಲಿ, ನನ್ನ ತವರಿನ ಹೊಲದಲ್ಲಿ.

ಅಣ್ಣ ದಾಳಿಂಬೆಗೆಂದು ಕೃಷಿ ಹೊಂಡ ತೋಡಿಸಿದ್ದ. ಇಪ್ಪತ್ತೊಂದು ಮೀಟರ್ ಉದ್ದಗಲ, ಮೂರು ಮೀಟರ್ ಆಳ. ಮಸಾರಿ ನೆಲ ನೀರು ಹಿಡಿಯುವುದಿಲ್ಲ, ಅದಕ್ಕೇ ತಳಕ್ಕೂ ಇಳಿಜಾರಿಗೂ ಕರಿ ಪ್ಲಾಸ್ಟಿಕ್ ಹಾಳೆ. ಪಾಚಿ ಕಟ್ಟಿದ ಮೇಲೆ ಬಿದ್ದ ನಾಯಿಯೂ ಅದರಿಂದ ಹತ್ತಿ ಬರಲಾರದು.

ಆರು ವರ್ಷದ ಮಗ ಕೆಸರುಗಾಲು ತೊಳೆಯಲು ಇಳಿದಿದ್ದ. ಚೀರಲಿಲ್ಲ, ಕೈ ಬೀಸಲಿಲ್ಲ. ಅಣ್ಣನ ಮಗಳು ಬಂದು, ‘ಅತ್ತಿ, ತಮ್ಮ ನೀರಾಗ ನಿಂತಾನ’ ಅಂದಳು. ನಿಂತಿದ್ದನೇ? ಬಾಯಿ ಮೇಲೆತ್ತಿ, ನೆಟ್ಟಗೆ, ಸದ್ದಿಲ್ಲದೆ ಮುಳುಗುತ್ತಿದ್ದ.

ಅಣ್ಣ ಹಾರಿದ. ಹುಡುಗ ಕೈಗೆ ಸಿಕ್ಕ, ಆದರೆ ಮೇಲೆ ಬರಲಾಗಲಿಲ್ಲ. ಉಗುರೂರಿದರೂ ಜಾರಿದ, ಮತ್ತೆ ಜಾರಿದ. ಅತ್ತಿಗೆ ಟ್ರ್ಯಾಕ್ಟರಿನಲ್ಲಿದ್ದ ಹಗ್ಗ ಎಸೆದಳು. ಎಳೆದವರು ಯಾರು ಯಾರೋ, ನನಗೆ ನೆನಪಿಲ್ಲ.

ತುಟಿ ನೀಲಿಯಾಗಿತ್ತು. ಒಬ್ಬ ಹಿರಿಯರು ‘ಕಾಲ್ ಹಿಡದು ತಿರುವ್ರಿ’ ಅಂದರು. ಪಕ್ಕದ ಹೊಲದ ಹುಡುಗ ನರ್ಸಿಂಗ್ ಓದುತ್ತಿದ್ದ. ‘ಬ್ಯಾಡ್ರಿ ಯಜ್ಜಾ, ಬಿಡ್ರಿ’ ಅಂತ ಮಗುವನ್ನು ಅಂಗಾತ ಮಲಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಊದಿದ, ಎದೆ ಒತ್ತಿದ, ಮತ್ತೆ ಊದಿದ. ವಾಂತಿಯಾಯಿತು. ಆಮೇಲೆ ಒಂದು ನರಳಿಕೆ. ಅಷ್ಟು ಇಂಪಾದ ದನಿ ನಾನು ಕೇಳಿಲ್ಲ.

ಉಸಿರು ಬಂತಲ್ಲ, ಮನೆಗೆ ಹೋಗೋಣ ಅಂದವರೂ ಇದ್ದರು. ಆದರೂ ಆಸ್ಪತ್ರೆಗೆ ಒಯ್ದೆವು; ಡಾಕ್ಟರು ಮನೆಗೆ ಬಿಡಲಿಲ್ಲ. ನೀರು ಹೊಕ್ಕ ಶ್ವಾಸಕೋಶ ಕೆಲವು ತಾಸಿನ ಮೇಲೂ ಕೈಕೊಡಬಹುದಂತೆ. ರಾತ್ರಿಯಿಡೀ ಅವನ ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ನೋಡುತ್ತ ಕುಳಿತೆ. ಏರಿದರೆ ನನಗೂ ಉಸಿರು, ಇಳಿದರೆ ಇಲ್ಲ.

2014ರಲ್ಲಿ ಶುರುವಾದ ಸರ್ಕಾರದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ಊರುಗಳಲ್ಲೆಲ್ಲ ಹೊಂಡಗಳಾದವು. ಬೆಳೆ ಉಳಿಸಿದ್ದೂ ಅವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಹಾಳೆ ಹಾಸಿದ ದಿನವೇ ತಂತಿ ಬೇಲಿ ಏಳಬೇಕು. ಬಾಗಿಲಿನ ಚಿಲಕ ಮಕ್ಕಳ ಕೈಗೆ ಎಟುಕಬಾರದು. ನಾಲ್ಕೂ ಮೂಲೆಗೆ ಗೂಟ ಬಡಿದು, ಗಂಟು ಹಾಕಿದ ಹಗ್ಗಗಳನ್ನು ನೀರಿನೊಳಕ್ಕೆ ಇಳಿಬಿಡಬೇಕು. ಅಣ್ಣ ಈಗ ಇಷ್ಟೂ ಮಾಡಿಸಿದ್ದಾನೆ.

ಹುಡುಗನಿಗೆ ಈಜು ಕಲಿಸಿದರೆ ಸಾಕು ಅನ್ನುತ್ತಾರೆ ನಮ್ಮನೆಯವರು. ಕಲಿಸೋಣ. ಆದರೆ ಹೊಂಡದಲ್ಲಿ ಜಾರುತ್ತಿದ್ದ ನಮ್ಮಣ್ಣನಿಗೆ ಈಜು ಚೆನ್ನಾಗಿಯೇ ಬರುತ್ತಿತ್ತು.