ಅಂಚೆಚೀಟಿಯ ಮೇಲಿನ ಎರೆಭೂತ

ನಿಮ್ಮ ಮನೆಯ ಟ್ರಂಕಿನಲ್ಲೂ ಹಳೆಯ ಪತ್ರಗಳ ಕಟ್ಟೊಂದು ಇರಬಹುದು. ಬೊಂಬಾಯಿಯಿಂದ ಚಾಚಾ ಬರೆದದ್ದು, ಮದುವೆಯಾಗಿ ಹೋದ ಅಕ್ಕ ಬರೆದದ್ದು. ಅದನ್ನು ರದ್ದಿಗೆ ಹಾಕುವ ಮುಂಚೆ ಲಕೋಟೆಗಳ ಮೂಲೆಯನ್ನೊಮ್ಮೆ ನೋಡಿ ಎಂದು ಕೇಳಿಕೊಳ್ಳಲು ಈ ನಾಲ್ಕು ಮಾತು.

ರಾವೂರದಂಥ ಊರಿನವರಿಗೆ ಬಂಡೀಪುರ ಬಹಳ ದೂರ. ಮಕ್ಕಳನ್ನು ಕರೆದೊಯ್ದು ಕಾಡು ತೋರಿಸುವುದು ಎಷ್ಟು ತಾಯಂದಿರಿಗೆ ಸಾಧ್ಯ? ನಾನು ಕಾಡುಪ್ರಾಣಿಗಳನ್ನು ಮೊದಲು ಕಂಡದ್ದು ಅಬ್ಬಾ ಜೋಪಾನ ಮಾಡಿದ್ದ ಅಂಚೆಚೀಟಿಗಳಲ್ಲಿ. ನಮ್ಮ ಅಂಚೆ ಇಲಾಖೆ 1962ರಲ್ಲಿ ಘೇಂಡಾಮೃಗವನ್ನೂ, 1963ರಲ್ಲಿ ಕಾಡುಕೋಣ, ಕೆಂಪು ಪಾಂಡಾ, ಆನೆ, ಹುಲಿ, ಸಿಂಹಗಳನ್ನೂ ಚೀಟಿಗಳಲ್ಲಿ ಅಚ್ಚು ಹಾಕಿತು. 2007ರಲ್ಲಿ ಬಂಡೀಪುರ, ಕಾಜಿರಂಗ, ಪೆರಿಯಾರ್, ಮುದುಮಲೈ, ಬಾಂಧವಗಢ ರಾಷ್ಟ್ರೀಯ ಉದ್ಯಾನಗಳ ಚೀಟಿಗಳು ಬಂದವು. ಪುಟ್ಟ ಕಾಗದದ ತುಂಡು ಮನೆ ಬಾಗಿಲಿಗೇ ಕಾಡನ್ನು ತಂದು ಕೊಡುತ್ತಿತ್ತು.

ಇವುಗಳಲ್ಲಿ 1980ರ ಒಂದು ಚೀಟಿ ನನಗೆ ಬಹಳ ಪ್ರಿಯ. ಬೆಲೆ ಎರಡು ರೂಪಾಯಿ ಮೂವತ್ತು ಪೈಸೆ. ಅದರ ಮೇಲಿರುವುದು ದೂರದ ಕಾಡಿನ ಪ್ರಾಣಿಯಲ್ಲ, ದಖ್ಖನಿನ ಒಣ ಹುಲ್ಲುಗಾವಲಿನ ಎರೆಭೂತ. ಎರೆ ಎಂದರೆ ನಮ್ಮ ತೊಗರಿ, ಜೋಳ ಬೆಳೆಯುವ ಕರಿಮಣ್ಣು. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರೀ ನೆಲದ ಮೇಲೆ. ಹುಲ್ಲುಗಾವಲು ಉಳುಮೆಗೆ ಹೋಯಿತು, ಬೇಟೆ ನಡೆಯಿತು, ಈಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ. ದೇಶದಲ್ಲಿ ಉಳಿದಿರುವುದು ಸುಮಾರು 150 ಎಂದು ಅಂದಾಜು. ಕರ್ನಾಟಕದಲ್ಲಂತೂ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ.

ಈ ಹಕ್ಕಿಯೇ ರಾಷ್ಟ್ರಪಕ್ಷಿಯಾಗಬೇಕೆಂದು ಬಯಸಿದವರು ಡಾ. ಸಲೀಂ ಅಲಿ. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಅವರ ಬಾಲ್ಯ ನಿಮಗೆ ಗೊತ್ತೇ? ತಂದೆತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಅವರನ್ನು ಸಾಕಿದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಮತ್ತು ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ. 1931ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಹೊರಟರು. ನಮ್ಮ ಕಲಬುರಗಿ ಜಿಲ್ಲೆಯೂ ಆಗ ಆ ಸಂಸ್ಥಾನದಲ್ಲೇ ಇತ್ತು. ಅವರ ಜೊತೆ ಡೇರೆಗಳಲ್ಲಿ ಬಾಳಿದವರು ಪತ್ನಿ ತೆಹ್ಮಿನಾ. 1996ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ, ಸಲೀಂ ಅಲಿಯವರೇ ಅಂಚೆಚೀಟಿಯಾದರು. ಅನಾಥ ಹುಡುಗನೊಬ್ಬನ ಕುತೂಹಲವನ್ನು ಒಂದು ಮನೆ ಪೋಷಿಸಿದ್ದರ ಫಲವಿದು.

ಈಗ ಪತ್ರ ಬರೆಯುವವರೇ ಕಡಿಮೆ. ಸುದ್ದಿಯೆಲ್ಲ ಮೊಬೈಲಿನಲ್ಲಿ ಬಂದು ಮೊಬೈಲಿನಲ್ಲೇ ಅಳಿಸಿಹೋಗುತ್ತದೆ. ಆದ್ದರಿಂದಲೇ ಹಳೆಯ ಚೀಟಿಗಳು ಸಿಕ್ಕರೆ ಬಿಸಾಡಬೇಡಿ. ಲಕೋಟೆಯ ಮೂಲೆಯನ್ನು ಕತ್ತರಿಸಿ, ತಣ್ಣೀರಿನ ಬಟ್ಟಲಲ್ಲಿ ಸ್ವಲ್ಪ ಹೊತ್ತು ನೆನೆಸಿ. ಅಂಟು ಬಿಟ್ಟ ಮೇಲೆ ಮೆಲ್ಲಗೆ ಬಿಡಿಸಿ, ಬಿಳಿ ಕಾಗದದ ಮೇಲೆ ಬೋರಲು ಹಾಕಿ ಒಣಗಿಸಿ, ದಪ್ಪ ಪುಸ್ತಕದಡಿ ಇಡಿ. ಆಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದೊಂದರ ಹೆಸರು ಕೇಳಿ.

ಅಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಜಿಲ್ಲೆಯ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿದೆ. ರಜೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ಬರಬಹುದು. ಹೆಸರು ಗೊತ್ತಿಲ್ಲದ ಜೀವಿ ಅಳಿದರೆ ಯಾರಿಗೂ ನೋವಾಗುವುದಿಲ್ಲ. ಆ ಹೆಸರನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ನಾವೇ ಅಲ್ಲವೇ?